ಸಾಯಲು ಒಲ್ಲದ ಕೋಶಗಳು

ಪ್ರಶ್ನೆ: ತಂದೆಯವರ ಕುತ್ತಿಗೆಯ ಗಂಟಿನ ಬಯಾಪ್ಸಿ ವರದಿಯಲ್ಲಿ ‘ಫಾಲಿಕ್ಯುಲರ್ ಲಿಂಫೋಮಾ, ಬಿಸಿಎಲ್-2 ಪಾಸಿಟಿವ್’ ಎಂದಿದೆ. ಇದು ರಕ್ತದ ಕ್ಯಾನ್ಸರ್‌ಗಳ ಗುಂಪಿಗೆ ಸೇರಿದ್ದು, ಬಿಸಿಎಲ್-2 ಒಂದು ಪ್ರೋಟೀನ್ ಎಂದು ತಿಳಿಯಿತು. ಊಟದಲ್ಲಿ ಪ್ರೋಟೀನ್ ಕಡಿಮೆ ಮಾಡಿದರೆ ಇದೂ ತಗ್ಗುತ್ತದೆಯೇ? ಇದಕ್ಕೆಂದೇ ಮಾತ್ರೆ ಇದೆಯಂತೆ, ಹೌದೇ? ನನಗೂ ಬರಬಹುದೇ?

ಉತ್ತರ: ತಂದೆಯವರ ತಟ್ಟೆಗೆ ದಯವಿಟ್ಟು ಕೈ ಹಾಕಬೇಡಿ. ತಿಂದ ಪ್ರೋಟೀನ್ ಹೊಟ್ಟೆಯಲ್ಲೇ ಒಡೆದು ಅಮೈನೋ ಆಮ್ಲವಾಗುತ್ತದೆ. ಬಿಸಿಎಲ್-2 ತಯಾರಾಗುವುದು ಕೋಶದೊಳಗೆ, ಅದರದೇ ಜೀನಿನ ಅಪ್ಪಣೆಯಂತೆ. ಚಿಕಿತ್ಸೆಯ ಹೊತ್ತಿನಲ್ಲಿ ಮೈ ಸೊರಗಿದರೆ ನಷ್ಟ ಅವರಿಗೇ.

ಇಂಥ ವರದಿಗಳನ್ನು ಬರೆಯುತ್ತಲೇ ನನ್ನ ತಲೆ ನರೆತಿದೆ. ಹಾಗಾಗಿ ಆ ‘ಪಾಸಿಟಿವ್’ ಸೂಕ್ಷ್ಮದರ್ಶಕದಲ್ಲಿ ಹೇಗೆ ಕಾಣುತ್ತದೆಂದು ಹೇಳುತ್ತೇನೆ. ಬರೀ ಸೋಂಕಿಗೆ ಊದಿಕೊಂಡ ದುಗ್ಧಗ್ರಂಥಿಗೆ ಈ ಪ್ರೋಟೀನನ್ನು ಗುರುತಿಸುವ ಬಣ್ಣ ಕಟ್ಟಿದರೆ, ಕಂದು ಉಂಗುರದ ನಡುವೆ ಬಿಳಿಚಿಕೊಂಡ ಜಾಗ ಕಾಣುತ್ತದೆ. ಅಲ್ಲಿ ಬಿ ಕೋಶಗಳಿಗೆ, ಅಂದರೆ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಿಗೆ, ಪರೀಕ್ಷೆ ನಡೆಯುತ್ತಿರುತ್ತದೆ. ರೋಗಾಣುವಿಗೆ ಸರಿಯಾಗಿ ಅಂಟುವ ಪ್ರತಿಕಾಯ ಮಾಡಲಾರದ ಕೋಶ ಅಲ್ಲೇ ಸಾಯಬೇಕು. ಪಕ್ಕದ ಭಕ್ಷಕ ಕೋಶ ಅದನ್ನು ನುಂಗುತ್ತದೆ. ಸಾವಿಗೆ ಅಡ್ಡಿಯಾಗದಿರಲೆಂದೇ ಅಲ್ಲಿ ಬಿಸಿಎಲ್-2 ತಯಾರಿಕೆ ನಿಂತಿರುತ್ತದೆ. ನಿಮ್ಮ ತಂದೆಯವರಂಥ ರೋಗಿಯ ಸ್ಲೈಡಿನಲ್ಲಿ ಬಿಳಿಚಿರಬೇಕಾದ ಆ ನಡುಭಾಗವೇ ಕಂದಾಗಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಫೋಟೋ ಮತ್ತು ಅದರ ನೆಗೆಟಿವ್ ನೋಡಿದ ಹಾಗೆ.

ಕಾರಣ, ಜೀನು ಮನೆ ಬದಲಿಸಿರುವುದು. 18ನೇ ವರ್ಣತಂತುವಿನ ಬಿಸಿಎಲ್-2 ಜೀನು ಮುರಿದು ಬಂದು, 14ನೇ ವರ್ಣತಂತುವಿನಲ್ಲಿ ಪ್ರತಿಕಾಯದ ಜೀನಿನ ಪಕ್ಕ ಕೂತಿರುತ್ತದೆ. ಬಿ ಕೋಶದಲ್ಲಿ ಆ ನೆರೆಯವನಿಗೆ ಬಿಡುವೇ ಇಲ್ಲ, ಇದಕ್ಕೂ ಇಲ್ಲ. ಕೇವಲ 239 ಅಮೈನೋ ಆಮ್ಲಗಳ ಈ ಪ್ರೋಟೀನ್, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಹೊರಪೊರೆಯ ಮೇಲೆ ಕೂತು, ಅಲ್ಲಿ ತೂತು ಕೊರೆದು ಕೋಶವನ್ನು ಕೊಲ್ಲಬೇಕಾದ ಪ್ರೋಟೀನ್‌ಗಳನ್ನು ಕಟ್ಟಿಹಾಕುತ್ತದೆ.

1988ರಲ್ಲಿ ಮೆಲ್ಬರ್ನ್‌ನಲ್ಲಿ ಡೇವಿಡ್ ವಾಕ್ಸ್, ಸುಝಾನ್ ಕೋರಿ, ಜೆರ್ರಿ ಆಡಮ್ಸ್ ಈ ಜೀನನ್ನು ಕೋಶಗಳಿಗೆ ಸೇರಿಸಿ, ಅವುಗಳ ಉಳಿವಿಗೆ ಬೇಕಾದ ಅಂಶವನ್ನು ನಿಲ್ಲಿಸಿದರು. ಕೋಶಗಳು ಬೆಳೆಯಲಿಲ್ಲ, ಸಾಯಲೂ ಇಲ್ಲ. ಕ್ಯಾನ್ಸರ್ ಜೀನ್ ಎಂದರೆ ಕೋಶವನ್ನು ವಿಭಜನೆಗೆ ಅಟ್ಟುವಂಥದ್ದು ಎಂದೇ ತಿಳಿದಿದ್ದ ಕಾಲವದು. ಈ ರೋಗ ಹೆಚ್ಚಿನವರಲ್ಲಿ ವರ್ಷಗಟ್ಟಲೆ ನಿಧಾನವಾಗಿ ಸಾಗುವುದಕ್ಕೂ ಇದರಲ್ಲಿ ಸುಳಿವಿದೆ: ಇಲ್ಲಿ ಹುಟ್ಟು ಹೆಚ್ಚಿದ್ದಕ್ಕಿಂತ ಸಾವು ತಪ್ಪಿದ್ದೇ ದೊಡ್ಡದು.

ಮಾತ್ರೆ ಇರುವುದು ನಿಜ. ಬಿಸಿಎಲ್-2 ಅನ್ನು ತಡೆಯುವ ವೆನೆಟೊಕ್ಲಾಕ್ಸ್‌ಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ಇನ್ನೊಂದು ರಕ್ತದ ಕ್ಯಾನ್ಸರ್‌ಗೆ. ಅಲ್ಲಿ 20 ಮಿಲಿಗ್ರಾಂನಿಂದ ಶುರುಮಾಡಿ ಐದು ವಾರಗಳಲ್ಲಿ 400ಕ್ಕೆ ಏರಿಸುತ್ತಾರೆ. ಕೋಶಗಳು ಒಮ್ಮೆಲೇ ಸತ್ತರೆ ಅವುಗಳ ಕಸಕ್ಕೆ ಮೂತ್ರಪಿಂಡವೇ ಸೋಲಬಹುದು. ವಿಚಿತ್ರವೆಂದರೆ, ಬಿಸಿಎಲ್-2 ತುಂಬಿ ತುಳುಕುವ ಫಾಲಿಕ್ಯುಲರ್ ಲಿಂಫೋಮಾದಲ್ಲಿ ಈ ಮಾತ್ರೆ ಅಷ್ಟು ಚೆನ್ನಾಗಿ ಕೆಲಸ ಮಾಡಿಲ್ಲ. ವರದಿ ಹಿಡಿದು ಅದನ್ನೇ ಬರೆದುಕೊಡಿ ಎಂದು ವೈದ್ಯರಲ್ಲಿ ಹಟ ಹಿಡಿಯಬೇಡಿ.

ಇನ್ನು ನಿಮ್ಮ ಭಯ. ಈ ಜೀನು ಮುರಿದು ಜೋಡಣೆಯಾದದ್ದು ತಂದೆಯವರ ಅಸ್ಥಿಮಜ್ಜೆಯ ಒಂದು ಕೋಶದಲ್ಲಿ, ಅವರು ಹುಟ್ಟಿದ ಮೇಲೆ. ಅದು ಮಕ್ಕಳಿಗೆ ದಾಟುವುದಿಲ್ಲ. ಇದೇ ಜೋಡಣೆ ಅನೇಕ ಆರೋಗ್ಯವಂತರ ರಕ್ತದಲ್ಲೂ ಅಷ್ಟಿಷ್ಟು ಸಿಗುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಲಿಂಫೋಮಾ ಬರುವುದೇ ಇಲ್ಲ. ರೋಗವಾಗಲು ಇನ್ನಷ್ಟು ಜೀನುಗಳು ಕೆಡಬೇಕು. ಆದ್ದರಿಂದ ನೀವು ಇದಕ್ಕಾಗಿ ರಕ್ತಪರೀಕ್ಷೆ ಮಾಡಿಸಬೇಕಾಗಿಲ್ಲ.