ಅಪ್ಪನ ಟೇಪ್ ರೆಕಾರ್ಡರ್, ಅವ್ವನ ಸೋಬಾನೆ

ಮಂಡ್ಯದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ನಿಮ್ಮ ನಾಲ್ಕು ಪುಟದ ಪತ್ರಾನ ಮೂರು ಸಲ ಓದಿದೀನಿ, ಅದಕ್ಕೇ ಉತ್ತರಾನೂ ಉದ್ದ ಆಗ್ತಿದೆ.

ಪತ್ರ ನೋಡಿಲ್ಲದ ಬೇರೆ ಓದುಗರಿಗೆ ವಿಷಯ ಹೇಳ್ಬಿಡ್ತೀನಿ. ಇವರ ತಂದೆ ಸರ್ಕಾರಿ ನೌಕರಿಯಲ್ಲಿದ್ದವರು, ಕರ್ನಾಟಕ ಸಂಗೀತ ಅಂದ್ರೆ ಪ್ರಾಣ, ಅದರಲ್ಲೂ ಚೌಡಯ್ಯನವರ ಪಿಟೀಲು. ಆದ್ರೆ ಮನೇಲಿ ಬೇರೆ ಏನೂ ಕೇಳೋ ಹಾಗಿರ್ಲಿಲ್ಲ. ಸಿನಿಮಾ ಹಾಡು ಬಂದ್ರೆ ರೇಡಿಯೋ ಆಫ್, ಟೇಪ್ ರೆಕಾರ್ಡರ್ ಬೀರುವಲ್ಲಿ, ಬೀರುವಿನ ಕೀ ಅಪ್ಪನ ಜೇಬಲ್ಲಿ. ಹಂಗಾಗಿ ಇವರಿಗೆ ಸಂಗೀತ ಅಂದ್ರೆ ಬೈಗುಳ ನೆನಪಾಗೋ ಹಾಗಾಯ್ತು. ಈಗ ಒಂಬತ್ತು ವರ್ಷದ ಮಗಳಿದ್ದಾಳೆ. "ನಾನು ಅವಳ ಮೇಲೆ ಯಾವ ಹಾಡನ್ನೂ ಹೇರಲ್ಲ, ಮನೇಲಿ ಕಾರಲ್ಲಿ ಏನೂ ಹಾಕಲ್ಲ, ಒಂದು ಟ್ಯಾಬು ಒಂದು ಹೆಡ್‌ಫೋನು ಕೊಡಿಸಿದೀನಿ, ಬೇಕಾದ್ದು ಕೇಳ್ಕೋತಾಳೆ, ನಾನು ಮಾಡ್ತಿರೋದು ಸರಿ ತಾನೆ?" ಅಂತ ಕೇಳಿದಾರೆ.

ಸರಿ ಅನ್ನೋಕೆ ನನಗೆ ಮನಸ್ಸು ಬರ್ತಿಲ್ಲ. ನಿಮ್ಮ ನೋವು ಅರ್ಥ ಆಗುತ್ತೆ, ಮಕ್ಕಳ ಕೈಗೆ ಸಿಗದ ಹಾಗೆ ಹಾಡಿಗೆ ಬೀಗ ಹಾಕಿದ್ದು ತಪ್ಪೇ. ಆದ್ರೆ ಬೀಗ ತೆಗೆದು ಮನೇನೇ ಖಾಲಿ ಇಟ್ಟುಬಿಟ್ರಲ್ಲ, ಅದು ನನಗೆ ಸರಿಬೀಳ್ತಿಲ್ಲ.

ನಾನು ಬೆಳೆದಿದ್ದು ಮೈಸೂರಿನ ಒಂಟಿಕೊಪ್ಪಲಲ್ಲಿ. ಗಣಪತಿ ಹಬ್ಬ ಬಂದ್ರೆ ಎಂಟನೇ ಕ್ರಾಸಿನ ರಸ್ತೆಗೇ ಚಪ್ಪರ ಹಾಕಿ ಕಚೇರಿ ನಡೀತಿತ್ತು, ಅಪ್ಪ ಆಫೀಸಿಂದ ಬಂದು ಮುಖ ತೊಳ್ಕೊಂಡು ನನ್ನ ಕೈ ಹಿಡ್ಕೊಂಡು ಹೊರಟುಬಿಡೋರು. ನನಗಾಗ ಆರು ಏಳು ವರ್ಷ ಇರ್ಬೇಕು, ರಾಗ ಯಾವುದು ಕೃತಿ ಯಾವುದು ಒಂದೂ ಗೊತ್ತಿಲ್ಲ, ತನಿ, ಅಂದ್ರೆ ಮೃದಂಗದವರೇ ನುಡಿಸೋ ಭಾಗ, ಶುರುವಾಗೋ ಹೊತ್ತಿಗೆ ಅಪ್ಪನ ತೊಡೆ ಮೇಲೆ ಮಲಗಿರ್ತಿದ್ದೆ. ಅವರು ನನ್ನ ಬೆನ್ನ ಮೇಲೇ ಆದಿತಾಳ ಹಾಕೋರು. ಅಂಗೈಯಿಂದ ಒಂದು ಏಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ತಟ್ಟಿ ತಿರುಗಿಸಿ, ತಟ್ಟಿ ತಿರುಗಿಸಿ, ಎಂಟು. ನಿದ್ದೇಲೂ ಬೆನ್ನಿಗೆ ಅದು ಗೊತ್ತಾಗ್ತಿತ್ತು. ಆಮೇಲೆ ನಾನು ಯಾವ ಮೇಷ್ಟ್ರ ಹತ್ರಾನೂ ತಾಳ ಕಲೀಲಿಲ್ಲ, ಇವತ್ತಿಗೂ ಕಚೇರಿಲಿ ಕೂತ್ರೆ ಎಂಟು ತಪ್ಪಲ್ಲ. ಅಪ್ಪ ನನಗೆ ಕಲಿಸ್ಬೇಕು ಅಂತ ಮಾಡಿದ್ದಲ್ಲ ಅದು, ಅವರ ಪಾಡಿಗೆ ಅವರು ಖುಷಿಪಡ್ತಿದ್ರು, ನಾನು ಪಕ್ಕದಲ್ಲಿದ್ದೆ ಅಷ್ಟೆ.

ಅಮ್ಮಂದು ಬೇರೆ ದಾರಿ. ಅವರಿಗೆ ಭಾವಗೀತೆ, ಪಿ.ಬಿ. ಶ್ರೀನಿವಾಸ್ ದನಿ, ರೇಡಿಯೋ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತಲ್ಲ, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಅದು, ನಮ್ಮನೇಲಿ ಅದನ್ನ ದೇವರ ಮನೆ ಪಕ್ಕದ ಗೂಡಲ್ಲಿ ಇಡ್ತಿದ್ರು. ಮಿಕ್ಕಿದ್ದಕ್ಕೆಲ್ಲ ದುಡ್ಡೆಲ್ಲಿ, ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡಿಂಗು. ಯಾರೂ ಮಾತಾಡ್ಬಾರ್ದು ಅಂತ ಅಮ್ಮ ಬಾಯಿ ಮೇಲೆ ಬೆರಳಿಟ್ಕೊಂಡು ಬಾಗಿಲಲ್ಲಿ ನಿಂತಿರೋರು. ಒಂದು ಸಲ ಹಾಡಿನ ಎರಡನೇ ಚರಣಕ್ಕೆ ಸರಿಯಾಗಿ ಬೀದೀಲಿ ಸೊಪ್ಪಿನವನು "ದಂಟು, ಕೀರೆ, ಸಬ್ಬಸ್ಗೇ..." ಅಂತ ಕೂಗ್ದ, ಜಗಲಿ ಮೇಲಿದ್ದ ಅಜ್ಜಿ "ಕಟ್ಟು ಎಷ್ಟಪ್ಪಾ" ಅಂತ ಕೇಳಿದ್ರು, ಎರಡೂ ಟೇಪಲ್ಲಿ ಸೇರ್ಕೊಂಡ್ಬಿಡ್ತು. ಅಮ್ಮನಿಗೆ ಅವತ್ತು ಅಳು ಬರೋದೊಂದು ಬಾಕಿ. ಅಜ್ಜಿ ಹೋಗಿ ಎಷ್ಟೋ ವರ್ಷ ಆಯ್ತು, ಅವರ ದನಿ ನಮ್ಮ ಹತ್ರ ಉಳಿದಿರೋದು ಅದೊಂದೇ ಜಾಗದಲ್ಲಿ, ಆ ಎರಡು ಪದ. ಈಗ ಫೋನಲ್ಲಿ ಅದೇ ಹಾಡು ಎಷ್ಟು ಕ್ಲಿಯರಾಗಿ ಬಂದ್ರೂ ಎರಡನೇ ಚರಣ ಬಂದಾಗ ನನ್ನ ಕಿವಿ ಅಜ್ಜಿಗೆ ಕಾಯುತ್ತೆ.

ಇದು ನಮ್ಮನೆ ಕಥೆ ಮಾತ್ರ ಅಲ್ಲ ಅನ್ನೋದಕ್ಕೆ ಒಂದು ಅಧ್ಯಯನ ಇದೆ. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತೆ ಜಸ್ಟಿನ್ ಜುಪ್ನಿಕ್ ಅನ್ನೋರು 2013ರಲ್ಲಿ ಪ್ರಕಟಿಸಿದ್ದು. ಇಪ್ಪತ್ತರ ಆಸುಪಾಸಿನ 62 ಹುಡುಗ ಹುಡುಗಿಯರಿಗೆ 1955ರಿಂದ 2009ರವರೆಗಿನ ಅಲ್ಲಿನ ಹಿಟ್ ಹಾಡುಗಳನ್ನ ಕೇಳಿಸಿದ್ರು. ತಮ್ಮ ಕಾಲದ ಹಾಡು ಇಷ್ಟ ಆಗೋದು ಸಹಜ, ಆದ್ರೆ 1980ರ ದಶಕದ ಶುರುವಿನ ಹಾಡುಗಳ ಹತ್ರಾನೂ ಅವರ ಪ್ರೀತಿ ಏರಿತ್ತು, ಅಂದ್ರೆ ಅವರ ಅಪ್ಪ ಅಮ್ಮ ಹರೆಯದಲ್ಲಿ ಕೇಳಿದ ಹಾಡುಗಳು. 1960ರ ದಶಕದಲ್ಲಿ ಇನ್ನೊಂದು ಏರಿಕೆ. ಅದು ಅಜ್ಜ ಅಜ್ಜಿ ಕಾಲದ್ದಿರಬಹುದು, ಇಲ್ಲ ಆ ಕಾಲದ ಹಾಡುಗಳೇ ಅಷ್ಟು ಚೆನ್ನಾಗಿರಬಹುದು ಅಂತಾರೆ. ತಾವು ಹುಟ್ಟೋಕೆ ಮುಂಚಿನ ಹಾಡು ಅವರಿಗೆ ತಮ್ಮದೇ ಅನ್ನಿಸ್ತು ಅಂದ್ರೆ, ಮನೇಲಿ ಯಾರೋ ಹಾಕಿದ್ದು ಕಿವಿಗೆ ಬಿದ್ದಿರ್ಬೇಕಲ್ವಾ. ಹೆಡ್‌ಫೋನಲ್ಲಿ ಕೇಳಿದ ಹಾಡು ಪಕ್ಕದಲ್ಲಿ ಕೂತ ಮಗುವಿಗೂ ಬೀಳಲ್ಲ. ಮಗಳ ಹಾಡು ನಿಮಗೆ ಗೊತ್ತಾಗ್ತಿಲ್ಲ, ನಿಮ್ಮ ಹಾಡು ಅವಳಿಗೆ ಗೊತ್ತಾಗ್ತಿಲ್ಲ.

ನಮ್ಮೂರಲ್ಲಿ ಇದಕ್ಕೊಂದು ಹಳೇ ನಂಟಿದೆ. 1935ರಲ್ಲಿ ಮಹಾರಾಜಾ ಕಾಲೇಜಿನ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಕೊಂಡು ಪ್ರಸಾರ ಶುರು ಮಾಡಿದ್ರು, ದೇಶದ ರೇಡಿಯೋಗೆಲ್ಲ ಆಮೇಲೆ ಬಂದ ‘ಆಕಾಶವಾಣಿ’ ಹೆಸರು ಆ ಮನೆಯದ್ದು. ಒಂದು ಮನೆಯಿಂದ ಹೊರಟ ಹಾಡು ಇನ್ನೊಂದು ಮನೆಗೆ ಹೋಗಿದ್ದು. ಇನ್ನು ನಿಮ್ಮ ತಂದೆ ಆರಾಧಿಸ್ತಿದ್ದ ಚೌಡಯ್ಯನವರು. ತಿರುಮಕೂಡಲು ನರಸೀಪುರದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇಲ್ಲದ ಕಾಲದಲ್ಲಿ ಹಿಂದೆ ಕೂತೋರಿಗೂ ಕೇಳ್ಬೇಕು ಅಂತ ನಾಲ್ಕು ತಂತಿ ಪಿಟೀಲನ್ನ ಏಳು ತಂತಿ ಮಾಡ್ಕೊಂಡೋರು. ಅಂಥೋರ ಸಂಗೀತಾನ ಬೀರುವಲ್ಲಿಟ್ಟು ಬೀಗ ಹಾಕಿದ್ರಲ್ಲ ಅಂತ ನನಗೆ ನಿಜಕ್ಕೂ ಸಂಕಟ ಆಗುತ್ತೆ. ತಪ್ಪು ಬೀಗದ್ದು ಸಾರ್, ಪಿಟೀಲಿಂದಲ್ಲ. ಆಗೋದಾದ್ರೆ ಒಂದು ಸಂಜೆ ಅದನ್ನ ಹಾಕಿ ಕೇಳಿ, ಈಗ ಬೈಯೋರು ಯಾರೂ ಇಲ್ಲ.

ಆದ್ರೆ ಇಷ್ಟುದ್ದ ಬರೆಯೋ ಹಾಗೆ ಮಾಡಿದ್ದು ಇದ್ಯಾವುದೂ ಅಲ್ಲ, ನಿಮ್ಮ ಮೂರನೇ ಪುಟದಲ್ಲಿ ಹಂಗೇ ಬಂದು ಹೋಗಿರೋ ಒಂದು ಸಾಲು. "ಅವ್ವ ಮಳವಳ್ಳಿ ಕಡೆಯವರು, ಅಪ್ಪ ಆಫೀಸಿಗೆ ಹೋದ್ಮೇಲೆ ರಾಗಿ ಕೇರ್ತಾ ಸಣ್ಣ ದನೀಲಿ ಸೋಬಾನೆ ಹೇಳ್ಕೋತಿದ್ರು, ಗೇಟು ಸದ್ದಾದ್ರೆ ನಿಲ್ಲಿಸ್ತಿದ್ರು." ಇಷ್ಟೇ ಬರೆದು ಮತ್ತೆ ಅಪ್ಪನ ವಿಷಯಕ್ಕೆ ಹೋಗ್ಬಿಟ್ಟಿದೀರಿ. ನಿಮ್ಮ ಮನೇಲಿ ಇದ್ದಿದ್ದು ಒಂದು ಸಂಗೀತ ಅಲ್ಲ, ಎರಡು. ಒಂದು ಜೋರಾಗಿತ್ತು, ಇನ್ನೊಂದು ಗೇಟಿನ ಸದ್ದಿಗೆ ಹೆದರ್ತಿತ್ತು. ಮಳವಳ್ಳಿ ಸೀಮೆ ಅಂದ್ರೆ ಮಂಟೇಸ್ವಾಮಿ ಪದ, ತಂಬೂರಿ ಹಿಡಿದ ನೀಲಗಾರರು ರಾತ್ರಿಯಿಡೀ ಹಾಡೋ ಸೀಮೆ, ಆ ಹೆಣ್ಣುಮಗಳ ಕಿವೀಲಿ ಎಷ್ಟು ತುಂಬಿತ್ತೋ. ನಿಮಗೆ ಸಂಗೀತ ಕಂಡ್ರೆ ಆಗಲ್ಲ ಅಂತೀರಿ, ನಲವತ್ತು ವರ್ಷ ಆದ್ರೂ ರಾಗಿ ಕೇರೋ ಸದ್ದು ಸಮೇತ ಆ ಹಾಡು ನೆನಪಿದೆಯಲ್ಲ.

ಅವ್ವ ಈಗ್ಲೂ ಊರಲ್ಲಿ ಚೆನ್ನಾಗಿದಾರೆ ಅಂತ ಬರೆದಿದೀರಿ. ಈ ಭಾನುವಾರ ಮಗಳನ್ನ ಕರ್ಕೊಂಡು ಹೋಗಿ, ಟ್ಯಾಬು ಮನೇಲೇ ಇರ್ಲಿ. ನೆನಪಿಲ್ಲ, ಗಂಟಲು ಹೋಗಿದೆ ಅಂತಾರೆ, ಬಲವಂತ ಮಾಡ್ಬೇಡಿ, ನಿಮಗೆ ನೆನಪಿರೋ ಒಂದು ಸಾಲು ನೀವೇ ಶುರು ಮಾಡಿ. ಫೋನಲ್ಲಿ ರೆಕಾರ್ಡ್ ಮಾಡ್ಕೊಳಿ, ಮಧ್ಯ ಕೋಳಿ ಕೂಗಿದ್ರೂ ಪಕ್ಕದ ಮನೆಯವರು ಬಂದು ಮಾತಾಡ್ಸಿದ್ರೂ ಅಳಿಸ್ಬೇಡಿ. ಮತ್ತೆ ಸೋಬಾನೆ ಒಬ್ರೇ ಹೇಳೋ ಹಾಡಲ್ಲ, ಒಬ್ರು ಹೇಳಿಕೊಟ್ರೆ ಮಿಕ್ಕೋರು ಸೊಲ್ಲು ಎತ್ಕೊಳ್ಬೇಕು. ಅವ್ವ ಅಷ್ಟು ವರ್ಷ ಸೊಲ್ಲು ಎತ್ತೋರಿಲ್ಲದೇ ಒಬ್ರೇ ಹೇಳ್ಕೊಂಡಿದಾರೆ. ನೀವೂ ಮಗಳೂ ಅವರ ಎಡಕ್ಕೊಬ್ರು ಬಲಕ್ಕೊಬ್ರು ಕೂತ್ಕೊಳಿ.