ಶೋವಾಡಿವಾಡಿಯ ಅಗ್ಗದ ‘ಗ್ರೇಟೆಸ್ಟ್ ಹಿಟ್ಸ್’ ಸಿಡಿ ಕೊಳ್ಳಬಹುದೇ?

ನೀವು ಕೇಳಿರುವುದು ಇಷ್ಟು: ಹಳೆಯ ಸಿಡಿಗಳ ರಾಶಿಯಲ್ಲಿ ಶೋವಾಡಿವಾಡಿ ಎಂಬ ಬ್ರಿಟಿಷ್ ಬ್ಯಾಂಡಿನ ‘ಗ್ರೇಟೆಸ್ಟ್ ಹಿಟ್ಸ್’ ತೀರಾ ಕಡಿಮೆ ಬೆಲೆಗೆ ಕಣ್ಣಿಗೆ ಬಿದ್ದಿದೆ. ಅವರದು ಒಂದೇ ಒಂದು ಹಾಡು ಕೇಳಿ ಗೊತ್ತು. ಇಷ್ಟು ಅಗ್ಗಕ್ಕೆ ಕೊಡುತ್ತಿದ್ದಾರೆ ಅಂದರೆ ಏನೋ ಐಬು ಇರಲೇಬೇಕಲ್ಲ, ಕೊಳ್ಳಬಹುದಾ?

ಕೊಳ್ಳಬಹುದು. ದುಡ್ಡು ಕೊಡುವ ಮೊದಲು ಡಬ್ಬಿ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಮಾತ್ರ ಓದಿಬಿಡಿ. ಮುಂಬದಿಯ ಫೋಟೋ ನಂಬಬೇಡಿ.

ಅಗ್ಗಕ್ಕೂ ಐಬಿಗೂ ನೇರ ಸಂಬಂಧವಿಲ್ಲ. ಹೊಸ ಆಲ್ಬಂ ಅಂದರೆ ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಭಾವನೆ, ಪ್ರಚಾರ, ಎಲ್ಲದಕ್ಕೂ ಕೈಯಿಂದ ಹಾಕಬೇಕು. ಎಪ್ಪತ್ತರ ದಶಕದ ಹಿಟ್ ಹಾಡಿನ ಖರ್ಚು ಯಾವತ್ತೋ ಹುಟ್ಟಿಹೋಗಿದೆ. ಮೂಲ ರೆಕಾರ್ಡಿಂಗಿನ ಟೇಪಿನ ಮಾಲೀಕತ್ವ ಇರುವ ದೊಡ್ಡ ಕಂಪನಿ ಅದನ್ನು ಸಣ್ಣ ಲೇಬಲ್ಲಿಗೆ, ಅಂದರೆ ಸಣ್ಣ ರೆಕಾರ್ಡ್ ಕಂಪನಿಗೆ, ಪರವಾನಗಿ ಮೇಲೆ ಕೊಡುತ್ತದೆ. ಸಣ್ಣ ಲೇಬಲ್ಲಿನವರು ಒಂದು ಮಡಿಕೆಯ ಕಾಗದ, ಎಲ್ಲಿಂದಲೋ ತಂದ ಒಂದು ಫೋಟೋ ಹಾಕಿ ಅಚ್ಚು ಹೊಡೆಸುತ್ತಾರೆ. ಪುಸ್ತಿಕೆ ಇರುವುದಿಲ್ಲ, ಯಾರು ಯಾವ ವಾದ್ಯ ನುಡಿಸಿದರು ಎಂಬ ವಿವರ ಇರುವುದಿಲ್ಲ. ಹಾಡಿಗೆ ಅದರಿಂದ ಯಾವ ನಷ್ಟವೂ ಇಲ್ಲ.

ನಷ್ಟ ಆಗುವುದು ಬೇರೆ ಕಡೆ. ಹಿಟ್ ಆದ ರೆಕಾರ್ಡಿಂಗಿನ ಹಕ್ಕು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯದು, ಹಾಡಿದವರದಲ್ಲ. ಅದೇ ಹಾಡನ್ನು ಇಂತಿಷ್ಟು ವರ್ಷ ಬೇರೆಯವರಿಗೆ ಹಾಡಿಕೊಡುವಂತಿಲ್ಲ ಎಂಬ ಷರತ್ತು ಒಪ್ಪಂದದಲ್ಲಿ ಇರುತ್ತದೆ. ಆ ಅವಧಿ ಮುಗಿದ ಮೇಲೆ ಬ್ಯಾಂಡಿನವರು, ಇಲ್ಲವೇ ಬ್ಯಾಂಡಿನಲ್ಲಿ ಉಳಿದಿರುವವರು, ಮತ್ತೆ ಸ್ಟುಡಿಯೋಗೆ ಹೋಗಿ ತಮ್ಮದೇ ಹಳೆಯ ಹಾಡುಗಳನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡುತ್ತಾರೆ. ಹಾಡು ಬರೆದವರಿಗೆ ಸಲ್ಲಬೇಕಾದ್ದು ಹೇಗೂ ಸಲ್ಲಬೇಕು, ಆದರೆ ಹಳೆಯ ಕಂಪನಿಗೆ ಒಂದು ಕಾಸೂ ಕೊಡಬೇಕಾಗಿಲ್ಲ. ಅಗ್ಗದ ಲೇಬಲ್ಲಿಗೆ ಇದಕ್ಕಿಂತ ಇನ್ನೇನು ಬೇಕು? ಎಪ್ಪತ್ತರ ದಶಕದ ಪಾಪ್ ಬ್ಯಾಂಡುಗಳ ಅಗ್ಗದ ಸಂಗ್ರಹಗಳಲ್ಲಿ ಈ ಜಾತಿಯ ಸರಕು ಧಾರಾಳವಾಗಿದೆ. ಕಾನೂನಿನ ಪ್ರಕಾರ ಇದು ಮೋಸವಲ್ಲ. ಕೇಳುವವರಿಗೆ ಮಾತ್ರ ನಿರಾಸೆ.

ನನ್ನ ಹತ್ತಿರ ಇಂಥದ್ದೊಂದಿದೆ, ಬೇರೆ ಬ್ಯಾಂಡಿನದು. ಮುಖಪುಟದಲ್ಲಿ ಹರೆಯದ ಹುಡುಗರು. ಒಳಗೆ ಡ್ರಮ್ಸ್ ಬದಲು ಯಂತ್ರದ ಟಕಟಕ, ಸ್ಯಾಕ್ಸೋಫೋನ್ ಬರಬೇಕಾದ ಕಡೆ ಕೀಬೋರ್ಡಿನ ಸಪ್ಪೆ ಸ್ವರ, ಎತ್ತರದ ಸ್ಥಾಯಿ ಮುಟ್ಟಲಾಗದೆ ಇಡೀ ಹಾಡನ್ನೇ ಕೆಳಗಿಳಿಸಿಕೊಂಡಿರುವ ಗಾಯಕ. ಹಾಡು ಅದೇ, ಮಾತು ಅದೇ, ಹಾಡಿದವನೂ ಅವನೇ. ಆದರೂ ಅದು ಆ ಹಾಡಲ್ಲ.

ಹಾಗಾಗಿ ಹಿಂಬದಿಯಲ್ಲಿ ಇವನ್ನು ನೋಡಿ. ವೃತ್ತದೊಳಗೆ ‘ಪಿ’ ಅಕ್ಷರ ಇರುವ ಗುರುತಿನ ಪಕ್ಕದ ಇಸವಿ ರೆಕಾರ್ಡಿಂಗಿಗೆ ಸಂಬಂಧಿಸಿದ್ದು, ವೃತ್ತದೊಳಗೆ ‘ಸಿ’ ಇರುವುದು ಮುಖಪುಟ, ಬರಹಗಳಿಗೆ ಸಂಬಂಧಿಸಿದ್ದು. ‘ಪಿ’ ಪಕ್ಕದಲ್ಲಿ 1974ರಿಂದ 1980ರ ಆಸುಪಾಸಿನ ಇಸವಿಗಳಿದ್ದರೆ ನಿಶ್ಚಿಂತೆ. ತೊಂಬತ್ತರ ದಶಕದ ಇಸವಿ ಮಾತ್ರ ಇದ್ದರೆ ಅನುಮಾನ ಪಡಿ, ಆದರೆ ತೀರ್ಪು ಕೊಡಬೇಡಿ. ಸಂಗ್ರಹ ಮಾಡಿದ ವರ್ಷವನ್ನೇ ಅಲ್ಲಿ ಹಾಕುವವರೂ ಇದ್ದಾರೆ. ಇಂಥ ಕಂಪನಿಯಿಂದ ಪರವಾನಗಿ ಪಡೆದದ್ದು ಎಂಬ ಸಾಲು ಇದ್ದರೆ ಒಳ್ಳೆಯ ಲಕ್ಷಣ. ಈ ಬ್ಯಾಂಡಿನ ವಿಷಯದಲ್ಲಿ ಅಲ್ಲಿ ಇವರ ಹಾಡು ಹೊರತಂದ ಅರಿಸ್ಟಾ ಕಂಪನಿಯ ಹೆಸರೋ, ಆಮೇಲೆ ಅದರ ಹಕ್ಕು ಪಡೆದ ಕಂಪನಿಯ ಹೆಸರೋ ಕಾಣಬೇಕು. ‘ಮೂಲ ಕಲಾವಿದರು’ ಅಂತ ದೊಡ್ಡದಾಗಿ ಬರೆದಿದ್ದರೆ ಮಾತ್ರ ಕಿವಿ ನೆಟ್ಟಗೆ ಮಾಡಿಕೊಳ್ಳಿ. ಮೂಲ ರೆಕಾರ್ಡಿಂಗ್ ಇರುವವರು ಮೂಲ ರೆಕಾರ್ಡಿಂಗ್ ಅಂತಲೇ ಹೇಳುತ್ತಾರೆ. ಕಲಾವಿದರ ಮಾತೆತ್ತುವವರು ಹೆಚ್ಚಾಗಿ ರೆಕಾರ್ಡಿಂಗಿನ ಮಾತು ತಪ್ಪಿಸುತ್ತಿರುತ್ತಾರೆ. ನಿರ್ಮಾಪಕ ಮೈಕ್ ಹರ್ಸ್ಟ್ ಎಂದಿದ್ದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ಇವರ ಒಳ್ಳೆಯ ಕಾಲದ ಹಾಡುಗಳ ಹಿಂದಿನ ಕೈ ಅವರದೇ. ಅದಕ್ಕೂ ಮೊದಲು ಹೆಸರಾಂತ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಜೊತೆ ದ ಸ್ಪ್ರಿಂಗ್‌ಫೀಲ್ಡ್ಸ್ ತಂಡದಲ್ಲಿ ಹಾಡಿದ್ದ ಮನುಷ್ಯ.

ಇನ್ನು ಬ್ಯಾಂಡಿನ ಕಥೆ. ಇದು ಗೊತ್ತಿದ್ದರೆ ಅಗ್ಗದ ಸಂಗ್ರಹವೇ ಇವರಿಗೆ ಯಾಕೆ ಸರಿ ಎಂಬುದು ತಾನಾಗಿ ತಿಳಿಯುತ್ತದೆ.

1973ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಎರಡು ಬ್ಯಾಂಡುಗಳು ಒಂದಾದವು. ಒಟ್ಟು ಎಂಟು ಜನ, ಯಾರನ್ನೂ ಬಿಡಲಿಲ್ಲ. ಹಾಗಾಗಿ ಇಬ್ಬರು ಗಾಯಕರು, ಇಬ್ಬರು ಗಿಟಾರಿನವರು, ಇಬ್ಬರು ಬಾಸ್ ಗಿಟಾರಿನವರು, ಇಬ್ಬರು ಡ್ರಮ್ಸಿನವರು. ಐವತ್ತರ ದಶಕದ ಟೆಡ್ಡಿ ಬಾಯ್ ಹುಡುಗರ ವೇಷ: ಮೊಣಕಾಲಿನ ಹತ್ತಿರದವರೆಗೆ ಇಳಿಬಿದ್ದ ಕೋಟು, ಬಿಗಿ ಪ್ಯಾಂಟು, ದಪ್ಪ ಅಟ್ಟೆಯ ಬೂಟು, ಒಬ್ಬೊಬ್ಬರದು ಒಂದೊಂದು ಬಣ್ಣ. ‘ನ್ಯೂ ಫೇಸಸ್’ ಎಂಬ ಟಿವಿ ಸ್ಪರ್ಧೆಯ ಒಂದು ಸುತ್ತಿನಲ್ಲಿ ಗೆದ್ದು ಬೆಲ್ ಕಂಪನಿಗೆ ಸೇರಿದರು. ಅದೇ ಮುಂದೆ ಅರಿಸ್ಟಾ ಆಯಿತು. 1974ರಲ್ಲಿ ಬಂದ ಮೊದಲ ಹಾಡು ‘ಹೇ ರಾಕ್ ಅಂಡ್ ರೋಲ್’ ಅವರದೇ ರಚನೆ, ಬ್ರಿಟನ್ನಿನ ಚಾರ್ಟಿನಲ್ಲಿ, ಅಂದರೆ ವಾರವಾರದ ಮಾರಾಟದ ಪಟ್ಟಿಯಲ್ಲಿ, ಎರಡನೇ ಸ್ಥಾನಕ್ಕೆ ಹೋಯಿತು.

ಅಲ್ಲಿಂದ ಮುಂದೆ ಇವರ ದೊಡ್ಡ ಹಿಟ್‌ಗಳ ಪಟ್ಟಿ ನೋಡಿದರೆ ಬಹುಪಾಲು ಬೇರೆಯವರ ಹಾಡುಗಳೇ. 1975ರಲ್ಲಿ ಎಡ್ಡಿ ಕಾಕ್ರನ್‌ನ ‘ತ್ರೀ ಸ್ಟೆಪ್ಸ್ ಟು ಹೆವನ್’, ಎರಡನೇ ಸ್ಥಾನ. ಅದೇ ವರ್ಷ ಬಡ್ಡಿ ಹಾಲಿಯ ‘ಹಾರ್ಟ್‌ಬೀಟ್’. 1976ರ ಕೊನೆಗೆ ‘ಅಂಡರ್ ದ ಮೂನ್ ಆಫ್ ಲವ್’, ಮೂರು ವಾರ ಮೊದಲ ಸ್ಥಾನ. 1977ರಲ್ಲಿ ‘ವೆನ್’, ಇದು 1958ರಲ್ಲಿ ಕೇಲಿನ್ ಟ್ವಿನ್ಸ್ ಹಾಡಿದ್ದು. ‘ಡಾನ್ಸಿನ್ ಪಾರ್ಟಿ’ ಚಬ್ಬಿ ಚೆಕರ್‌ನದು. 1978ರಲ್ಲಿ ‘ಐ ವಂಡರ್ ವೈ’, ಡಿಯಾನ್ ಅಂಡ್ ದ ಬೆಲ್ಮಾಂಟ್ಸ್ ತಂಡದ್ದು.

ತಮಾಷೆ ನೋಡಿ. 1976ರ ಡಿಸೆಂಬರ್ 1ರಂದು ಪಂಕ್ ಎಂಬ ಒರಟು, ಬಂಡಾಯದ ರಾಕ್ ಹಾಡುತ್ತಿದ್ದ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಹುಡುಗರು ಟಿವಿಯಲ್ಲಿ ಬಾಯಿಗೆ ಬಂದಂತೆ ಬೈದು ಇಡೀ ಬ್ರಿಟನ್ನನ್ನು ಬೆಚ್ಚಿಬೀಳಿಸಿದರು. ಪಂಕ್ ಸಂಗೀತದ ಇತಿಹಾಸ ಬರೆಯುವವರು ಆ ಸಂಜೆಯನ್ನು ಬಿಟ್ಟು ಮುಂದೆ ಹೋಗುವುದೇ ಇಲ್ಲ. ಅದೇ ವಾರ ಜನ ದುಡ್ಡು ಕೊಟ್ಟು ಕೊಂಡು ಮೊದಲ ಸ್ಥಾನಕ್ಕೇರಿಸಿದ್ದು ಬಣ್ಣಬಣ್ಣದ ಕೋಟಿನವರು ಹಾಡಿದ, ಹದಿನೈದು ವರ್ಷ ಹಳೆಯದಾದ ಪ್ರೇಮಗೀತೆಯನ್ನು. ಇತಿಹಾಸ ಬರೆಯುವವರು ಒಂದು ಕಡೆ, ರೆಕಾರ್ಡ್ ಕೊಳ್ಳುವವರು ಇನ್ನೊಂದು ಕಡೆ.

ಹೀಗೆ ಹಾಡು ಹಾಡಾಗಿ ಬದುಕಿದ ತಂಡ ಇದು. ಆಲ್ಬಂ ಉದ್ದಕ್ಕೂ ಒಂದು ಆಲೋಚನೆ ಬೆಳೆಸುವ ಗೋಜಿಗೆ ಇವರು ಹೋದವರಲ್ಲ. ಎರಡೂವರೆ ಮೂರು ನಿಮಿಷದಲ್ಲಿ ಕುಣಿಸಿ ಕಳಿಸುವುದೇ ಕೆಲಸ. ಅಂಥವರ ಒಂದೊಂದು ಆಲ್ಬಂ ಹುಡುಕಿ ಪೂರ್ತಿ ಬೆಲೆಗೆ ಕೊಂಡರೆ ಎರಡು ಒಳ್ಳೆಯ ಹಾಡು, ಉಳಿದದ್ದು ಭರ್ತಿ ಸಾಮಾನು. ಹಿಟ್‌ಗಳ ಸಂಗ್ರಹವೇ ಇವರ ನಿಜವಾದ ಆಲ್ಬಂ. ಪಂಡಿತರು ಇಂಥ ಸಂಗ್ರಹಗಳನ್ನು ಕಂಡು ಮೂಗು ಮುರಿಯುತ್ತಾರೆ, ಮುರಿದುಕೊಳ್ಳಲಿ.

ಅಗ್ಗದ ರೆಕಾರ್ಡಿಗೆ ಕೆಟ್ಟ ಹೆಸರು ಬಂದದ್ದರಲ್ಲಿ ಒಂದು ಹಳೆಯ ಕಥೆಯ ಪಾಲೂ ಇದೆ. ಬ್ರಿಟನ್ನಿನಲ್ಲಿ ಹಾಲ್‌ಮಾರ್ಕ್ ಲೇಬಲ್ಲಿನ ‘ಟಾಪ್ ಆಫ್ ದ ಪಾಪ್ಸ್’ ಎಂಬ ಎಲ್‌ಪಿ (ದೊಡ್ಡ ತಟ್ಟೆಯ ರೆಕಾರ್ಡ್) ಸರಣಿ 1968ರಲ್ಲಿ ಶುರುವಾಯಿತು. ಆಯಾ ಕಾಲದ ಹಿಟ್ ಹಾಡುಗಳನ್ನು ಹೆಸರಿಲ್ಲದ ಗಾಯಕರಿಂದ ಹಾಗೆಹಾಗೇ ಹಾಡಿಸಿ ಕಡಿಮೆ ಬೆಲೆಗೆ ಮಾರುತ್ತಿದ್ದರು. 1971ರಲ್ಲಿ ಅಗ್ಗದ ಎಲ್‌ಪಿಗಳನ್ನೂ ಆಲ್ಬಂ ಚಾರ್ಟಿಗೆ ಸೇರಿಸಿಕೊಂಡಾಗ ಈ ನಕಲುಗಳೇ ಮೊದಲ ಸ್ಥಾನಕ್ಕೆ ಏರಿದವು. ದೊಡ್ಡ ಕಂಪನಿಗಳಿಗೆ ಇದು ಹಿಡಿಸೀತೇ? 1972ರ ಆರಂಭದಲ್ಲೇ ಅಗ್ಗದವನ್ನು ಚಾರ್ಟಿನಿಂದ ಹೊರಗೆ ಹಾಕಿದರು. ಆ ಹೆಸರಿಲ್ಲದ ಗಾಯಕರನ್ನು ಹಗುರವಾಗಿ ಕಾಣಬೇಡಿ. ಎಲ್ಟನ್ ಜಾನ್ ಕೂಡ ಹೆಸರು ಮಾಡುವ ಮೊದಲು ಇಂಥ ಅಗ್ಗದ ರೆಕಾರ್ಡುಗಳಿಗೆ ಹಾಡಿ ಹೊಟ್ಟೆ ಹೊರೆದವರೇ.

ಸಿಡಿ ಕೈಗೆ ಬಂದ ಮೇಲೆ ಒಂದು ಕೆಲಸ ಮಾಡಿ. ಇವರ ಹಾಡು ಒಂದು, ಅದರ ಮೂಲ ಒಂದು, ಹೀಗೆ ಜೋಡಿಯಾಗಿ ಕೇಳಿ. ‘ಐ ವಂಡರ್ ವೈ’ ಇಂದ ಶುರು ಮಾಡಿ. 1958ರ ಮೂಲದಲ್ಲಿ ಮೊದಲು ಕೇಳಿಸುವುದು ವಾದ್ಯವಲ್ಲ, ಕೆಳಸ್ಥಾಯಿಯ ಗಾಯಕನ ಗಂಟಲು. ಅರ್ಥವಿಲ್ಲದ ಅಕ್ಷರಗಳನ್ನು ಪಟಪಟ ಉದುರಿಸುತ್ತಾನೆ. ಅವನ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ, ಎಲ್ಲರೂ ಕೂಡಿದ ಮೇಲೆ ಡಿಯಾನ್ ಹಾಡಲು ಶುರು ಮಾಡುತ್ತಾನೆ. ವಾದ್ಯಗಳು ಎಲ್ಲೋ ಹಿಂದೆ. ಬೀದಿ ಮೂಲೆಯಲ್ಲಿ ನಿಂತು ಬರೀ ಕಂಠದಿಂದಲೇ ಹಾಡಿ ಬೆಳೆದ ಹುಡುಗರ ಶೈಲಿ ಅದು. ಶೋವಾಡಿವಾಡಿಯಲ್ಲಿ ಅದೇ ಹಾಡು ದೊಡ್ಡ ಸಭಾಂಗಣಕ್ಕೆ ಹೊಲಿಸಿದ ಅಂಗಿ. ಡ್ರಮ್ಸ್ ಮುಂದಕ್ಕೆ ಬಂದಿದೆ, ಹಿನ್ನೆಲೆಯ ಕೋರಸ್ ದಪ್ಪಗಾಗಿದೆ, ಸಂದುಗಳೆಲ್ಲ ತುಂಬಿಹೋಗಿವೆ. ಮೂಲದಲ್ಲಿದ್ದ ಸಣ್ಣ ಅಳುಕು ಇಲ್ಲಿ ಇಲ್ಲ. ಇವರಿಗೆ ಹಾಡು ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಮೊದಲೇ ಗೊತ್ತು, ಕೇಳುವವರಿಗೂ ಗೊತ್ತು.

‘ತ್ರೀ ಸ್ಟೆಪ್ಸ್ ಟು ಹೆವನ್’ನಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು ಕಾಡುತ್ತದೆ. ಕಾಕ್ರನ್ ಅದನ್ನು ಹಾಡಿದ್ದು 1960ರ ಜನವರಿಯಲ್ಲಿ. ಏಪ್ರಿಲಿನಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿದ್ದಾಗ ಟ್ಯಾಕ್ಸಿ ಅಪಘಾತದಲ್ಲಿ ತೀರಿಕೊಂಡ, ವಯಸ್ಸು 21. ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಅದಾದ ಮೇಲೆ. ಸ್ವರ್ಗಕ್ಕೆ ಮೂರೇ ಮೆಟ್ಟಿಲು ಎಂದು ಹುಡುಗಿಯ ವಿಷಯಕ್ಕೆ ಹಾಡಿದ ತುಂಟ ಹಾಡನ್ನು ಆ ಸುದ್ದಿ ತಿಳಿದಮೇಲೆ ಹಗುರವಾಗಿ ಕೇಳಲು ಆಗುವುದಿಲ್ಲ. 1975ರಲ್ಲಿ ಇವರು ಎಂಟು ಜನ ಸೇರಿ ಅದನ್ನು ಮತ್ತೆ ಹಾಡಿ, ಆ ಭಾರವನ್ನೆಲ್ಲ ಇಳಿಸಿ, ಹಾಡನ್ನು ಮೊದಲಿನ ತುಂಟತನಕ್ಕೆ ವಾಪಸ್ ಕಳಿಸಿದರು. ನನಗೆ ಈ ಒಂದು ಹಾಡಿನ ಮಟ್ಟಿಗೆ ಇವರದೇ ಇಷ್ಟ. ಶುದ್ಧ ರಾಕ್ ಅಂಡ್ ರೋಲ್ ಭಕ್ತರು ಇದನ್ನು ಒಪ್ಪಲಿಕ್ಕಿಲ್ಲ.

‘ಅಂಡರ್ ದ ಮೂನ್ ಆಫ್ ಲವ್’ ಕಥೆ ಉಲ್ಟಾ. 1961ರಲ್ಲಿ ಕರ್ಟಿಸ್ ಲೀ ಹಾಡಿದ್ದು, ನಿರ್ಮಿಸಿದವನು ಪಾಪ್ ಲೋಕದ ಹೆಸರಾಂತ ನಿರ್ಮಾಪಕ ಫಿಲ್ ಸ್ಪೆಕ್ಟರ್. ಅಷ್ಟಿದ್ದೂ ಅಮೆರಿಕದಲ್ಲಿ 46ನೇ ಸ್ಥಾನಕ್ಕೆ ಸುಸ್ತಾಯಿತು. ಇವರ ಕೈಗೆ ಬಂದ ಮೇಲೆಯೇ ಅದಕ್ಕೆ ಯೋಗ ಕೂಡಿಬಂದದ್ದು. ಇವರ 1978ರ ‘ಪ್ರಿಟಿ ಲಿಟಲ್ ಏಂಜಲ್ ಐಸ್’ ಕೂಡ ಅದೇ ಲೀ, ಅದೇ ಸ್ಪೆಕ್ಟರ್, ಅದೇ 1961. ಆದರೆ ಅಲ್ಲಿ ನನ್ನ ಓಟು ಮೂಲಕ್ಕೇ.

ಈ ಮೂಲಗಳನ್ನು ಎಲ್ಲಿ ಹುಡುಕಲಿ ಅಂತೀರಾ? ಅವೂ ಅಗ್ಗ, ಬಹುಶಃ ಇನ್ನೂ ಅಗ್ಗ. ಬ್ರಿಟನ್ನಿನಲ್ಲಿ ರೆಕಾರ್ಡಿಂಗಿನ ಹಕ್ಕು ಮೊದಲು 50 ವರ್ಷ ಇತ್ತು. 2013ರ ನವೆಂಬರಿನಲ್ಲಿ ಅದನ್ನು 70 ವರ್ಷಕ್ಕೆ ಏರಿಸಿದರು, ಆದರೆ ಅಷ್ಟರಲ್ಲಾಗಲೇ ಅವಧಿ ಮುಗಿದಿದ್ದ ರೆಕಾರ್ಡಿಂಗುಗಳಿಗೆ ಇದು ಅನ್ವಯಿಸಲಿಲ್ಲ. ಅಂದರೆ 1962ರ ಕೊನೆಯವರೆಗೆ ಬಿಡುಗಡೆಯಾದ ರೆಕಾರ್ಡಿಂಗುಗಳನ್ನು ಅಲ್ಲಿ ಯಾರು ಬೇಕಾದರೂ ಸಿಡಿ ಮಾಡಿ ಮಾರಬಹುದು, ಟೇಪಿನ ಮಾಲೀಕರನ್ನು ಕೇಳಬೇಕಾಗಿಲ್ಲ. ಕೇಲಿನ್ ಟ್ವಿನ್ಸ್ 1958, ಕಾಕ್ರನ್ 1960, ಕರ್ಟಿಸ್ ಲೀ 1961, ಚಬ್ಬಿ ಚೆಕರ್ 1962, ಎಲ್ಲ ಗೆರೆಯ ಆಚೆ. ಶೋವಾಡಿವಾಡಿ 1974ರ ನಂತರದವರು, ಇವರ ಟೇಪಿಗೆ ಇನ್ನೂ ಮಾಲೀಕರಿದ್ದಾರೆ. ಹೀಗಾಗಿ ನಕಲಿಗೆ ಪರವಾನಗಿ ಬೇಕು, ಅಸಲಿಗೆ ಬೇಡ. ಅಗ್ಗದ ಐವತ್ತರ ದಶಕದ ಸಂಗ್ರಹಗಳಲ್ಲಿ ಮೂಲ ರೆಕಾರ್ಡಿಂಗ್ ಸಿಗುವ ಸಾಧ್ಯತೆ, ಅಗ್ಗದ ಎಪ್ಪತ್ತರ ದಶಕದ ಸಂಗ್ರಹಗಳಿಗಿಂತ ಹೆಚ್ಚಿರುವುದಕ್ಕೆ ಒಂದು ಕಾರಣ ಇದು.

ಹಾಡುಗಳ ಪಟ್ಟಿಯ ಬಗ್ಗೆಯೂ ಒಂದು ಮಾತು. ನಾನು ಮೇಲೆ ಹೆಸರಿಸಿದವುಗಳಲ್ಲಿ ಹೆಚ್ಚಿನವು ಇದ್ದು, ‘ಹೇ ರಾಕ್ ಅಂಡ್ ರೋಲ್’ ಕೂಡ ಇದ್ದರೆ ಸಾಕು. ಕೊನೆಯಲ್ಲಿ ಮೆಡ್ಲಿ (ಹಲವು ಹಾಡುಗಳ ತುಣುಕು ಹೆಣೆದದ್ದು) ಅಂತಲೋ ಲೈವ್ ಅಂತಲೋ ನಾಲ್ಕೈದು ಹಾಡು ತುರುಕಿದ್ದರೆ ಆ ಲೇಬಲ್ಲಿಗೆ ಪೂರ್ತಿ ಪರವಾನಗಿ ಸಿಕ್ಕಿಲ್ಲವೇನೋ ಅಂದುಕೊಳ್ಳಿ. ಎಲ್ಲವೂ ಲೈವ್ ಆಗಿದ್ದರೆ ಬಿಟ್ಟುಬಿಡಿ. ಇವರ ಸೊಗಸು ಇರುವುದು ಸ್ಟುಡಿಯೋದಲ್ಲಿ ಪದರ ಪದರವಾಗಿ ಕಟ್ಟಿದ ಕೋರಸ್‌ನಲ್ಲಿ.

ಇದೇ ಬ್ಯಾಂಡಿನ ‘ಗ್ರೇಟೆಸ್ಟ್ ಹಿಟ್ಸ್ 1976–1978’ ಎಂಬ ಹಳೆಯ ಎಲ್‌ಪಿ ಸಿಕ್ಕರೆ ಅದೂ ಒಳ್ಳೆಯದೇ. ಅರಿಸ್ಟಾದ್ದು, 1978ರಲ್ಲಿ ಬ್ರಿಟನ್ನಿನ ಆಲ್ಬಂ ಚಾರ್ಟಿನಲ್ಲಿ ಮೊದಲ ಸ್ಥಾನಕ್ಕೆ ಬಂದಿತ್ತು. ಆದರೆ ಹೆಸರೇ ಹೇಳುವಂತೆ ಅದರ ಲೆಕ್ಕ 1976ರಿಂದ ಶುರು, ‘ತ್ರೀ ಸ್ಟೆಪ್ಸ್’ ಅದರ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಅಗ್ಗದ ಸಿಡಿಯಲ್ಲಿ ಅದು ಮೂಲ ರೂಪದಲ್ಲೇ ಇದ್ದರೆ ಎಲ್‌ಪಿ ಬಿಟ್ಟು ಸಿಡಿಯನ್ನೇ ತೆಗೆದುಕೊಳ್ಳಿ.