ಕಣ್ಣು ಮಂಜಾಯಿತು, ಕೆಲಸ ಬಿಡಬೇಕಾ?

ಪ್ರಶ್ನೆ: ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ 11 ವರ್ಷದಿಂದ ಇದ್ದೇನೆ. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ಮೊದಲು ರಾತ್ರಿ ಹೊತ್ತು ಕಾಣುತ್ತಿರಲಿಲ್ಲ, ಈಗ ಹಗಲಲ್ಲೂ ಸ್ಕ್ರೀನ್ ಮೇಲಿನ ಅಕ್ಷರ ಓದಲು ಕಷ್ಟ. ಸ್ಕ್ರೀನ್ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್, ಅಂದರೆ ಸ್ಕ್ರೀನ್ ರೀಡರ್ ಹಾಕಿಸಿಕೊಡಿ ಅಂತ ಮ್ಯಾನೇಜರ್‌ಗೆ ಹೇಳಿದೆ. "ನಿಮ್ಮ ಖರ್ಚಲ್ಲಿ ಹಾಕಿಸ್ಕೊಳ್ಳಿ" ಅಂದರು. ಈಗ ಎಚ್‌ಆರ್‌ನವರು ನೀವೇ ರಾಜೀನಾಮೆ ಕೊಟ್ಟರೆ ಒಳ್ಳೆಯ ಅನುಭವ ಪತ್ರ ಕೊಡ್ತೀವಿ ಅನ್ನುತ್ತಿದ್ದಾರೆ. ವಿಕಲಚೇತನರ ಕಾನೂನು ಸರ್ಕಾರಿ ನೌಕರರಿಗೆ ಮಾತ್ರ ಅಂತೆ. ನಿಜಾನಾ?

ಉತ್ತರ: ಮೊದಲು ಒಂದು ಮಾತು. ರಾಜೀನಾಮೆ ಬರೆದುಕೊಡಬೇಡಿ. ಅವರು ತೆಗೆದು ಹಾಕಿದರೆ ಯಾಕೆ ತೆಗೆದಿರಿ ಅಂತ ಕೇಳಲು ನಿಮಗೊಂದು ದಾರಿ ಇರುತ್ತದೆ, ಆದರೆ "ವೈಯಕ್ತಿಕ ಕಾರಣದಿಂದ ಬಿಡುತ್ತಿದ್ದೇನೆ" ಅಂತ ನೀವೇ ಸಹಿ ಹಾಕಿದ ಮೇಲೆ ನನ್ನನ್ನು ಒತ್ತಾಯದಿಂದ ಬಿಡಿಸಿದರು ಅಂತ ಸಾಬೀತು ಮಾಡುವ ಹೊರೆ ನಿಮ್ಮ ತಲೆ ಮೇಲೆ ಬರುತ್ತದೆ. ಅನುಭವ ಪತ್ರದ ಆಸೆಗೆ ಸಹಿ ಹಾಕಿ ಆಮೇಲೆ ನಮಗೆ ಬರೆದವರಿದ್ದಾರೆ. ಓದುವಾಗ ಹೊಟ್ಟೆ ಉರಿಯುತ್ತದೆ.

ಎಚ್‌ಆರ್ ಹೇಳಿದ್ದು ಅರ್ಧ ನಿಜ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 20, ಅಂದರೆ ನೌಕರಿಯಲ್ಲಿ ಸಿಗುವ ನೇರ ರಕ್ಷಣೆ, ಸರ್ಕಾರಿ ಸಂಸ್ಥೆಗಳ ಹೆಸರನ್ನೇ ಹೇಳುತ್ತದೆ. ಅದು ಕಾಯ್ದೆಯ ಕೊರತೆ, ಬೇಸರದಿಂದಲೇ ಒಪ್ಪಿಕೊಳ್ಳಬೇಕು. ಆದರೆ ಕಾಯ್ದೆ ಅಷ್ಟಕ್ಕೇ ಮುಗಿಯುವುದಿಲ್ಲ. "ಸಂಸ್ಥೆ" ಅಂದರೆ ಸರ್ಕಾರಿಯೂ ಹೌದು, ಖಾಸಗಿಯೂ ಹೌದು ಅಂತ ಅದರಲ್ಲೇ ಬರೆದಿದೆ. ತಾರತಮ್ಯ ಅಂದರೆ ಏನು ಅಂತ ಹೇಳುವಾಗ ಸಮಂಜಸ ಹೊಂದಾಣಿಕೆ ಕೊಡದೇ ಇರುವುದನ್ನೂ ಅದರೊಳಗೆ ಸೇರಿಸಿದ್ದಾರೆ. ಸಮಂಜಸ ಹೊಂದಾಣಿಕೆ ಅಂದರೆ ಇಷ್ಟೇ: ಸಂಸ್ಥೆಗೆ ಹೊರಲಾರದಷ್ಟು ಭಾರ ಆಗದಂತೆ, ನೀವು ಉಳಿದವರ ಹಾಗೆ ಕೆಲಸ ಮಾಡಲು ಬೇಕಾದ ಬದಲಾವಣೆ. ಸ್ಕ್ರೀನ್ ರೀಡರ್, ದೊಡ್ಡ ಮಾನಿಟರ್, ಕತ್ತಲಾಗುವ ಮೊದಲೇ ಮುಗಿಯುವ ಶಿಫ್ಟ್, ಇಂಥವು. ಅವರು ಉಪಕಾರ ಮಾಡುತ್ತಿಲ್ಲ, ನೀವು ಸಂಕೋಚ ಪಡಬೇಕಾಗಿಲ್ಲ.

ಖರ್ಚಿನ ವಿಷಯದಲ್ಲಂತೂ ನಿಮ್ಮ ಮ್ಯಾನೇಜರ್ ಹೇಳಿದ್ದು ಪೂರ್ತಿ ತಪ್ಪು. ಇದೇ ಕಾಯ್ದೆಯಡಿ ಬಂದ 2017ರ ನಿಯಮಗಳಲ್ಲಿ ಮೂರನೆಯದನ್ನು ಓದಿ, ಎರಡು ನಿಮಿಷದ ಕೆಲಸ. ಇಂಥ ಹೊಂದಾಣಿಕೆಯ ಖರ್ಚನ್ನು ಪೂರ್ತಿಯಾಗಲಿ, ಸ್ವಲ್ಪವಾಗಲಿ ವಿಕಲಚೇತನರೇ ಕೊಡಬೇಕು ಅಂತ ಯಾವ ಸಂಸ್ಥೆಯೂ ಒತ್ತಾಯ ಮಾಡುವಂತಿಲ್ಲ ಅಂತ ಅಲ್ಲಿ ಕಡ್ಡಿ ಮುರಿದಂತೆ ಹೇಳಿದೆ. ತಾರತಮ್ಯದ ದೂರು ಬಂದರೆ ಸಂಸ್ಥೆಯ ಮುಖ್ಯಸ್ಥರು ಕ್ರಮ ತೆಗೆದುಕೊಳ್ಳಬೇಕು, ಇಲ್ಲವೇ ತಾವು ಮಾಡಿದ್ದು ಯಾಕೆ ಸರಿ ಅಂತ ಬರಹದಲ್ಲಿ ತಿಳಿಸಬೇಕು. ಸುಮ್ನೆ ಹಾರಿಕೆ ಉತ್ತರ ಕೊಟ್ಟು ಕಳಿಸುವ ಹಾಗಿಲ್ಲ.

ಹಾಗಾಗಿ ಬಾಯಿ ಮಾತು ಬಿಡಿ, ಇಮೇಲ್ ಬರೆಯಿರಿ. "ಕಣ್ಣು ಕಾಣುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ" ಅಂತ ಬರೆದರೆ ಕನಿಕರದ ಮಾತು ಬರುತ್ತದೆ, ಸ್ಕ್ರೀನ್ ರೀಡರ್ ಬರುವುದಿಲ್ಲ. ನೀವು ದಿನಾ ಮಾಡುವ ಕೆಲಸಗಳನ್ನು ಬರೆಯಿರಿ, ಅದರಲ್ಲಿ ಯಾವುದು ಈಗಲೂ ಸಲೀಸು, ಯಾವುದಕ್ಕೆ ತೊಂದರೆ, ಆ ತೊಂದರೆಗೆ ಏನು ಬೇಕು ಅಂತ ಒಂದೊಂದಾಗಿ ಹೇಳಿ. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ವಿಂಡೋಸ್ ಕಂಪ್ಯೂಟರಿಗೆ ಉಚಿತವಾಗಿಯೇ ಸಿಗುತ್ತದೆ, ಅದನ್ನೇ ಕೇಳಿದರೆ ಭಾರಿ ಖರ್ಚು ಅನ್ನುವ ನೆಪ ನಿಲ್ಲುವುದಿಲ್ಲ. ನಿಜವಾದ ತೊಡಕು ಇರುವುದು ಬೇರೆ ಕಡೆ. ನೀವು ಬಳಸುವ ಲೆಕ್ಕದ ಸಾಫ್ಟ್‌ವೇರಿನ ಬಟನ್‌ಗಳಿಗೆ ಸರಿಯಾಗಿ ಹೆಸರು ಕೊಟ್ಟಿರದಿದ್ದರೆ ಸ್ಕ್ರೀನ್ ರೀಡರ್ ಬರೀ "ಬಟನ್, ಬಟನ್" ಅಂತ ಓದುತ್ತಾ ಹೋಗುತ್ತದೆ. ಅದಕ್ಕೆ ಒಂದು ತಿಂಗಳು ಪ್ರಯತ್ನ ಮಾಡಿ ನೋಡಲು ಅವಕಾಶ ಕೊಡಿ, ಐಟಿಯವರೊಬ್ಬರು ಜೊತೆಗಿರಲಿ ಅಂತ ಅದೇ ಪತ್ರದಲ್ಲಿ ಕೇಳಿ. ಕಲಿಯಲು ಸಮಯ ಬೇಕು. ಹೊಸ ಸಾಫ್ಟ್‌ವೇರ್ ಬಂದಾಗ ಎಲ್ಲರಿಗೂ ತರಬೇತಿ ಕೊಡುತ್ತಾರೆ ಅಲ್ವಾ?

ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: "ನಮ್ಮ ಕಂಪನಿಯ ಸಮಾನ ಅವಕಾಶ ನೀತಿ ಎಲ್ಲಿದೆ?" ಸೆಕ್ಷನ್ 21ರ ಪ್ರಕಾರ ಇದು ಖಾಸಗಿಯವರಿಗೂ ಕಡ್ಡಾಯ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ, ವಿಕಲಚೇತನ ನೌಕರರಿಗೆ ಯಾವ ಸೌಲಭ್ಯ ಇದೆ, ಇದನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಯಾರು ಅಂತ ಆ ನೀತಿಯಲ್ಲಿ ಇರಬೇಕು.

ಇಷ್ಟಾದರೂ ಕೇಳದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. 60 ದಿನದಲ್ಲಿ ಇತ್ಯರ್ಥ ಮಾಡಬೇಕು ಅಂತ ನಿಯಮ ಹೇಳುತ್ತದೆ. ಅವರು ಕೊಡುವುದು ಶಿಫಾರಸು, ಕೋರ್ಟಿನ ತೀರ್ಪಿನಷ್ಟು ಗಟ್ಟಿ ಅಲ್ಲ. ಆದರೆ ಜನರನ್ನು ಕರೆಸುವುದಕ್ಕೆ, ದಾಖಲೆ ತರಿಸುವುದಕ್ಕೆ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ನಿಮ್ಮ ಇಮೇಲ್‌ಗಳು ಅಲ್ಲಿ ಕೆಲಸಕ್ಕೆ ಬರುತ್ತವೆ, ಅದಕ್ಕೇ ಅವುಗಳ ಪ್ರತಿಯನ್ನು ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ.

ಪ್ರಶ್ನೆ: ಅಣ್ಣ ಸರ್ಕಾರಿ ಇಲಾಖೆಯಲ್ಲಿ ಫೀಲ್ಡ್ ಕೆಲಸದಲ್ಲಿದ್ದ. ಅಪಘಾತದಲ್ಲಿ ಒಂದು ಕಾಲು ಹೋಯಿತು. ಸ್ವಯಂ ನಿವೃತ್ತಿ ತಗೋ, ಇಲ್ಲ ಅಂದ್ರೆ ಕೆಳಗಿನ ಹುದ್ದೆಗೆ ಹೋಗು ಅನ್ನುತ್ತಿದ್ದಾರೆ.

ಉತ್ತರ: ಎರಡಕ್ಕೂ ಒಪ್ಪಬೇಕಾಗಿಲ್ಲ. ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದು ಸೆಕ್ಷನ್ 20ರ ನಾಲ್ಕನೇ ಉಪವಿಭಾಗ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಸಿಗುವ ತನಕ ಅಥವಾ ನಿವೃತ್ತಿ ವಯಸ್ಸಿನ ತನಕ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. 1995ರ ಹಳೆಯ ಕಾಯ್ದೆಯಲ್ಲೂ ಇಂಥದ್ದೇ ರಕ್ಷಣೆ ಇತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಒಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಇದನ್ನು ಎತ್ತಿಹಿಡಿದಿದೆ. ಕೆಲಸಕ್ಕೆ ಅನರ್ಹ ಅಂತ ಅವರಿಗೆ ಪಿಂಚಣಿ ಕೊಟ್ಟಾಗಿತ್ತು, ಅದು ಕೂಡ ಅಡ್ಡಿ ಆಗಲಿಲ್ಲ.

ಅಣ್ಣ ಇಲಾಖೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಲಿ. ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ ಇದೆ. ನಿವೃತ್ತಿ ಅರ್ಜಿಗೆ ಮಾತ್ರ ಸಹಿ ಬೇಡ, ಆಸ್ಪತ್ರೆಯಲ್ಲಿ ಮಲಗಿರುವಾಗ ತಂದುಕೊಟ್ಟರಂತೂ ಬೇಡವೇ ಬೇಡ.

ಪ್ರಶ್ನೆ: ನನ್ನ ಬಲಗೈ ಬೆರಳುಗಳಲ್ಲಿ ಶಕ್ತಿ ಇಲ್ಲ. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ 30% ಇದೆ. 40% ಇಲ್ಲದಿದ್ದರೆ ಏನೂ ಕೇಳುವಂತಿಲ್ಲ ಅಂತ ಆಫೀಸಿನಲ್ಲಿ ಹೇಳುತ್ತಾರೆ.

ಉತ್ತರ: ಕೇಳಬಹುದು. 40% ಅನ್ನುವ ಗೆರೆ ಇರುವುದು ಸರ್ಕಾರಿ ನೌಕರಿಯ 4% ಮೀಸಲಾತಿಯಂಥ ಸೌಲಭ್ಯಗಳಿಗೆ. ತಾರತಮ್ಯ ಮಾಡಬಾರದು, ಹೊಂದಾಣಿಕೆ ಕೊಡಬೇಕು ಅನ್ನುವುದಕ್ಕೆ ಆ ಗೆರೆ ಇಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಬರೆಯುವ ಸಹಾಯಕರನ್ನು ಕೇಳಿದ್ದರು, ಸಿಗಲಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟು, 40% ಇಲ್ಲ ಅನ್ನುವ ಒಂದೇ ಕಾರಣಕ್ಕೆ ಇಂಥ ಅನುಕೂಲ ನಿರಾಕರಿಸುವುದು ಸರಿಯಲ್ಲ ಅಂತ ಹೇಳಿತು. ಮಾತನ್ನು ಅಕ್ಷರಕ್ಕೆ ಇಳಿಸುವ ಸಾಫ್ಟ್‌ವೇರ್, ಒಂದೇ ಕೈಯಲ್ಲಿ ಬಳಸುವ ಕೀಬೋರ್ಡ್, ಸ್ವಲ್ಪ ಜಾಸ್ತಿ ಸಮಯ, ಇದರಲ್ಲಿ ನಿಮಗೆ ಯಾವುದು ಬೇಕೋ ಬರೆದು ಕೇಳಿ. ಆ ಅರ್ಜಿಯಲ್ಲಿ ಈ ತೀರ್ಪಿನ ಬಗ್ಗೆಯೂ ಎರಡು ಸಾಲು ಇರಲಿ.